ಜಾರುವುದೋ, ಮಗುಚುವುದೋ?
ಕಿರುಕಾರಿನ ಪಂದ್ಯದಲ್ಲಿ ಭೌತವಿಜ್ಞಾನ

ಉಪಯೋಗ ತಪ್ಪಿದ ವಿಮಾನ ನಿಲ್ದಾಣದ ಒಂದು ವಿಶಾಲವಾದ ಅಂಗಳವನ್ನು ಊಹಿಸಿಕೊಳ್ಳಿ. ಅದರ ಮೇಲೆ ಕಿತ್ತಳೆ ಬಣ್ಣದ ಶಂಕುಗಳನ್ನು ಕೆಲವೆಡೆ ನೇರವಾದ ಸಾಲಾಗಿಯೂ ಕೆಲವೆಡೆ ಬಾಗಿದ ಓಣಿಯಂತೆಯೂ ನಿಲ್ಲಿಸಿ ಒಂದು ದಾರಿಯನ್ನು ಕಲ್ಪಿಸಿದ್ದಾರೆ. ಒಂದು ಸಲಕ್ಕೆ ಒಂದೇ ಕಾರು ಹೊರಡುತ್ತದೆ. ಅದರ ಎದುರಾಳಿ ಮತ್ತೊಂದು ಕಾರಲ್ಲ, ಗಡಿಯಾರ. ಶಂಕುವೊಂದನ್ನು ತಾಗಿ ಉರುಳಿಸಿದರೆ ಲೆಕ್ಕಕ್ಕೆ 2 ಸೆಕೆಂಡು ಸೇರುತ್ತದೆ. ದಾರಿ ತಪ್ಪಿದರೆ ಆ ಓಟವೇ ವ್ಯರ್ಥ. ಅಮೆರಿಕದಲ್ಲಿ ಇದಕ್ಕೆ ‘ಆಟೋಕ್ರಾಸ್’ ಎಂದು ಹೆಸರು. ಅಲ್ಲಿಯ ಸ್ಪೋರ್ಟ್ಸ್ ಕಾರ್ ಕ್ಲಬ್ಬು 1973ರಿಂದ ಇದಕ್ಕೊಂದು ರಾಷ್ಟ್ರೀಯ ಸ್ಪರ್ಧೆಯನ್ನು ಏರ್ಪಡಿಸುತ್ತ ಬಂದಿದೆ. (ಬ್ರಿಟನ್ನಿನಲ್ಲಿ ಇದೇ ಹೆಸರನ್ನು ಹುಲ್ಲು ಮತ್ತು ಮಣ್ಣಿನ ನೆಲದ ಮೇಲಿನ ಓಟಕ್ಕೆ ಬಳಸುತ್ತಾರೆ, ಅದು ಬೇರೆಯೇ ವಿಷಯ.) ವೇಗವು ಹೆದ್ದಾರಿಯ ವೇಗವನ್ನು ಮೀರುವುದು ಅಪರೂಪ. ಪರೀಕ್ಷೆಗೆ ಗುರಿಯಾಗುವುದು ಎಂಜಿನಿನ ಶಕ್ತಿಗಿಂತ ಹೆಚ್ಚಾಗಿ ಕಾರು ತಿರುಗುವ ಬಗೆ, ಮತ್ತು ಚಾಲಕನ ಹದ.

ಇಂಥ ಅಂಗಳಕ್ಕೆ, ಮೊಟ್ಟೆಗೆ ಚಕ್ರ ಕಟ್ಟಿದಂತಿರುವ ಒಂದು ಹಳೆಯ ಕಿರುಕಾರು ಬಂದು ನಿಂತರೆ ನೋಡುವವರು ನಗುವುದು ಸಹಜ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಯು ನಕ್ಕಮೇಲೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಪುಟ್ಟ ಗಾಡಿ ದೊಡ್ಡ ಕಾರುಗಳಿಗೆ ಎಲ್ಲಿಯಾದರೂ ಸರಿಸಮನಾಗಿ ನಿಲ್ಲಬಲ್ಲುದೇ? ತಿರುವಿನಲ್ಲಿ ಮಿತಿಮೀರಿ ಓಡಿಸಿದರೆ ಅದು ಪಕ್ಕಕ್ಕೆ ಜಾರುವುದೋ, ಮಗುಚಿ ಬೀಳುವುದೋ? ಎರಡನೆಯ ಪ್ರಶ್ನೆಯ ಮೇಲೆ ಚಾಲಕನ ಪ್ರಾಣವೇ ನಿಂತಿದೆ.

ಉದಾಹರಣೆಗೆ ಇಸೆಟ್ಟಾ ಎಂಬ ಕಾರನ್ನು ತೆಗೆದುಕೊಳ್ಳೋಣ. ಇದು ಹುಟ್ಟಿದ್ದು ಇಟಲಿಯಲ್ಲಿ, 1953ರಲ್ಲಿ. ಶೀತಕ ಪೆಟ್ಟಿಗೆಗಳನ್ನೂ ಸ್ಕೂಟರುಗಳನ್ನೂ ತಯಾರಿಸುತ್ತಿದ್ದ ಈಸೊ ಎಂಬ ಸಂಸ್ಥೆ ಇದನ್ನು ರಚಿಸಿತು. ಕಾರಿನ ಮುಂಭಾಗವೆಲ್ಲ ಒಂದೇ ಬಾಗಿಲು. ತೆರೆದಾಗ ಸ್ಟೀರಿಂಗ್ ಚಕ್ರವೂ ಬಾಗಿಲಿನೊಡನೆ ಹೊರಕ್ಕೆ ಸರಿಯುತ್ತದೆ. ಶೀತಕ ಪೆಟ್ಟಿಗೆಯ ನೆನಪು ಬಂದರೆ ಅದು ಓದುಗರ ತಪ್ಪಲ್ಲ! 1954ರಲ್ಲಿ ಈ ಪುಟ್ಟ ಕಾರುಗಳು ಇಟಲಿಯ ಪ್ರಖ್ಯಾತ ಮಿಲ್ಲೆ ಮಿಲ್ಯಾ ಪಂದ್ಯಕ್ಕೂ ಇಳಿದು, ಸುಮಾರು 1,600 ಕಿಲೋಮೀಟರಿನ ಆ ದಾರಿಯನ್ನು ಓಡಿ ಮುಗಿಸಿದವು. ಜರ್ಮನಿಯ ಬಿ.ಎಂ.ಡಬ್ಲ್ಯೂ. ಸಂಸ್ಥೆಯು ಪರವಾನಗಿ ಪಡೆದು 1955ರಿಂದ 1962ರವರೆಗೆ 1,60,000ಕ್ಕೂ ಹೆಚ್ಚು ಇಸೆಟ್ಟಾಗಳನ್ನು ತಯಾರಿಸಿತು. ಯುದ್ಧಾನಂತರದ ಬಡತನ, 1956ರ ಸೂಯೆಜ್ ಬಿಕ್ಕಟ್ಟಿನಿಂದ ತಲೆದೋರಿದ ಪೆಟ್ರೋಲಿನ ಅಭಾವ, ಇವು ಇಂಥ ಕಾರುಗಳಿಗೆ ಗಿರಾಕಿಗಳನ್ನು ಒದಗಿಸಿದವು.

ನಮ್ಮ ಲೆಕ್ಕಕ್ಕೆ ಬೇಕಾದ ಅಳತೆಗಳು ಇವು. ಉದ್ದ ಸುಮಾರು 2.3 ಮೀಟರು, ಅಗಲ 1.38 ಮೀಟರು. ಮುಂದಿನ ಎರಡು ಚಕ್ರಗಳ ನಡುವಣ ಅಂತರ 1.2 ಮೀಟರು, ಹಿಂದಿನ ಎರಡು ಚಕ್ರಗಳ ನಡುವೆ ಕೇವಲ 0.52 ಮೀಟರು. ಮೇಲಿನಿಂದ ನೋಡಿದರೆ ನಾಲ್ಕು ಚಕ್ರಗಳೂ ಒಂದು ಚೌಕದ ಮೂಲೆಗಳಲ್ಲ, ಹಿಂದಕ್ಕೆ ಕಿರಿದಾಗುತ್ತ ಹೋಗುವ ಒಂದು ತ್ರಾಪಿಜ್ಯದ ಮೂಲೆಗಳು. ತೂಕ ಸುಮಾರು 350 ಕಿಲೋಗ್ರಾಂ. 298 ಘನ ಸೆಂಟಿಮೀಟರಿನ, ಒಂದೇ ಸಿಲಿಂಡರಿನ ಎಂಜಿನು 13 ಅಶ್ವಶಕ್ತಿಯನ್ನು ಕೊಡುತ್ತದೆ. ಇಂದಿನ ಒಂದು ಸಾಧಾರಣ ಮೋಟಾರು ಸೈಕಲ್ಲೂ ಇದಕ್ಕೆ ಸೋಲಲಾರದು.

ಮೊದಲು ತಿರುವಿನ ವಿಚಾರ. ಕಾರು ವೃತ್ತಾಕಾರದ ದಾರಿಯಲ್ಲಿ ಸಾಗಬೇಕಾದರೆ ಅದನ್ನು ಕೇಂದ್ರದ ಕಡೆಗೆ ಎಳೆಯುವ ಬಲವೊಂದು ಬೇಕು. ಆ ಬಲವನ್ನು ಒದಗಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಬೇಕಾದ ಬಲವು ಕಾರಿನ ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದಷ್ಟು. ದೊರೆಯಬಲ್ಲ ಗರಿಷ್ಠ ಬಲವು ಕಾರಿನ ತೂಕವನ್ನು ಘರ್ಷಣಾಂಕದಿಂದ ಗುಣಿಸಿದಷ್ಟು. ಎರಡರಲ್ಲೂ ರಾಶಿ ಇದೆ. ಆದುದರಿಂದ ಅದು ಹಾರಿಹೋಗುತ್ತದೆ! ತಿರುವಿನ ಗರಿಷ್ಠ ವೇಗದ ವರ್ಗವು ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ತ್ರಿಜ್ಯ, ಈ ಮೂರರ ಗುಣಲಬ್ಧ ಮಾತ್ರ. ಘರ್ಷಣಾಂಕ 0.7 ಎಂದು ಇಟ್ಟುಕೊಂಡರೆ, 10 ಮೀಟರು ತ್ರಿಜ್ಯದ ತಿರುವಿನಲ್ಲಿ ಇಸೆಟ್ಟಾ ಆಗಲಿ ಅದರ ಐದರಷ್ಟು ಭಾರದ ಕಾರಾಗಲಿ ಜಾರದೆ ಹೋಗಬಲ್ಲ ವೇಗ ಸೆಕೆಂಡಿಗೆ 8.3 ಮೀಟರು, ಅಂದರೆ ಗಂಟೆಗೆ ಸುಮಾರು 30 ಕಿಲೋಮೀಟರು. ಹಗುರವಾದ ಕಾರು ತಿರುವಿನಲ್ಲಿ ಸುಲಭವಾಗಿ ಹಾರಿಹೋಗುತ್ತದೆ ಎಂಬುದು ಜನರಲ್ಲಿ ಬೇರೂರಿದ ತಪ್ಪು ಕಲ್ಪನೆ. ನಿಜವಾದ ರಬ್ಬರು ಪುಸ್ತಕದ ಘರ್ಷಣ ನಿಯಮವನ್ನು ಅಷ್ಟು ನಿಷ್ಠೆಯಿಂದ ಪಾಲಿಸುವುದಿಲ್ಲ. ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ ತುಸು ಕುಗ್ಗುತ್ತದೆ. ಈ ವ್ಯತ್ಯಾಸವೂ ಹಗುರವಾದ ಕಾರಿನ ಪಕ್ಷವನ್ನೇ ವಹಿಸುತ್ತದೆ.

ಇನ್ನು ಶಂಕುಗಳ ನೇರ ಸಾಲನ್ನು ನೋಡೋಣ. ಕಾರು ಮೊದಲನೆಯ ಶಂಕುವಿನ ಎಡಕ್ಕೆ, ಎರಡನೆಯದರ ಬಲಕ್ಕೆ, ಮತ್ತೆ ಎಡಕ್ಕೆ, ಹೀಗೆ ಹಾವಿನಂತೆ ಹರಿಯಬೇಕು. ಈ ದಾರಿಯು ಹೆಚ್ಚುಕಡಿಮೆ ಒಂದು ಸೈನ್ ತರಂಗ. ಶಂಕುಗಳ ಅಂತರ 18 ಮೀಟರಾದರೆ ತರಂಗದೂರ ಅದರ ಎರಡರಷ್ಟು, 36 ಮೀಟರು. ತರಂಗದ ಪಾರ ಎಷ್ಟು? ಕಾರಿನ ಮಧ್ಯರೇಖೆಯು ಶಂಕುವಿನಿಂದ ಕನಿಷ್ಠ ಕಾರಿನ ಅರ್ಧ ಅಗಲದಷ್ಟು ದೂರವಿರಲೇಬೇಕು. ಅದರ ಮೇಲೆ ಎಚ್ಚರಿಕೆಗೆ 0.2 ಮೀಟರು ಸೇರಿಸೋಣ. 1.8 ಮೀಟರು ಅಗಲದ ಸಾಮಾನ್ಯ ಕಾರಿಗೆ ಪಾರ 1.1 ಮೀಟರಾಯಿತು. ಇಸೆಟ್ಟಾಕ್ಕೆ 0.89 ಮೀಟರು.

ಸರಳ ಸಂಗತ ಚಲನೆಯನ್ನು ಓದಿರುವವರಿಗೆ ಮುಂದಿನ ಹೆಜ್ಜೆ ಕಷ್ಟವಲ್ಲ. ಅಡ್ಡಡ್ಡವಾದ ಗರಿಷ್ಠ ವೇಗೋತ್ಕರ್ಷವು ಪಾರವನ್ನು ಕೋನವೇಗದ ವರ್ಗದಿಂದ ಗುಣಿಸಿದಷ್ಟು. ಕೋನವೇಗವೆಂದರೆ ಪೈಯ ಎರಡರಷ್ಟನ್ನು ಕಾರಿನ ವೇಗದಿಂದ ಗುಣಿಸಿ ತರಂಗದೂರದಿಂದ ಭಾಗಿಸಿದ್ದು. ಈ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ 0.7ರಷ್ಟನ್ನು ಮೀರಬಾರದು ಎಂದು ಹಾಕಿದರೆ, ಅಗಲವಾದ ಕಾರಿಗೆ ದೊರೆಯುವ ಗರಿಷ್ಠ ವೇಗ ಗಂಟೆಗೆ ಸುಮಾರು 51 ಕಿಲೋಮೀಟರು, ಇಸೆಟ್ಟಾಕ್ಕೆ 57! ಎರಡಕ್ಕೂ ಟೈರು ಒಂದೇ, ನೆಲ ಒಂದೇ. ಕೇವಲ ಮೈ ಕಿರಿದಾದುದರಿಂದಲೇ ಗಂಟೆಗೆ 6 ಕಿಲೋಮೀಟರಿನ ಲಾಭ. ಸಂತೆಯ ಗುಂಪಿನಲ್ಲಿ ತೆಳ್ಳಗಿನವನು ಬೇಗ ನುಸುಳಿಹೋಗುವುದೂ ಹೀಗೆಯೇ: ಅವನು ಹೆಚ್ಚು ಬಾಗಬೇಕಾಗಿಲ್ಲ.

ಆದರೆ ಆ 57ನ್ನು ಮುಟ್ಟುವುದು ಹೇಗೆ? ಇಲ್ಲಿ ಕಿರುಕಾರಿನ ಬಡತನ ಬಯಲಾಗುತ್ತದೆ. 70 ಕಿಲೋಗ್ರಾಂ ತೂಕದ ಚಾಲಕನೂ ಸೇರಿ ಒಟ್ಟು ರಾಶಿ 420 ಕಿಲೋಗ್ರಾಂ. ಗಂಟೆಗೆ 57 ಕಿಲೋಮೀಟರು, ಅಂದರೆ ಸೆಕೆಂಡಿಗೆ 15.9 ಮೀಟರು ವೇಗದಲ್ಲಿ ಅದರ ಚಲನಶಕ್ತಿ ಸುಮಾರು 53,000 ಜೂಲು. 13 ಅಶ್ವಶಕ್ತಿ ಎಂದರೆ 9.6 ಕಿಲೋವಾಟು. ಅದರಲ್ಲಿ ಐದನೆಯ ಒಂದು ಪಾಲು ಸರಪಳಿ, ಗೇರುಗಳಲ್ಲಿ ಸವೆದುಹೋಯಿತೆಂದು ಇಟ್ಟುಕೊಂಡರೆ ಚಕ್ರಕ್ಕೆ ತಲುಪುವುದು 7.6 ಕಿಲೋವಾಟು ಮಾತ್ರ. ಆದುದರಿಂದ ನಿಂತಲ್ಲಿಂದ ಆ ವೇಗಕ್ಕೆ ಬರಲು ಕನಿಷ್ಠ 7 ಸೆಕೆಂಡು ಬೇಕು. ಎಂಜಿನು ಸದಾ ತನ್ನ ಪೂರ್ಣ ಶಕ್ತಿಯನ್ನು ಕೊಡುತ್ತದೆಂದೂ, ಗಾಳಿಯ ತಡೆಯಿಲ್ಲವೆಂದೂ, ಗೇರು ಬದಲಿಸಲು ಕಾಲವೇ ಬೇಡವೆಂದೂ ಭಾವಿಸಿ ಮಾಡಿದ ಲೆಕ್ಕ ಇದು; ವಾಸ್ತವದಲ್ಲಿ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. 100 ಅಶ್ವಶಕ್ತಿಯ ಕಾರಿಗೆ ಇದೇ ಕೆಲಸ ಮೂರು ನಾಲ್ಕು ಸೆಕೆಂಡಿನದು.

ಆದುದರಿಂದ ಕಿರುಕಾರಿನ ಚಾಲಕನಿಗೆ ವೇಗವೆಂಬುದು ಕೂಡಿಟ್ಟ ಹಣವಿದ್ದಂತೆ. ಬ್ರೇಕನ್ನು ಒತ್ತಿದ ಪ್ರತಿಯೊಂದು ಸಲವೂ ಆ ಹಣ ಬಿಸಿಯಾಗಿ ಗಾಳಿಗೆ ಹೋಗುತ್ತದೆ, ಮತ್ತೆ ಸಂಪಾದಿಸಲು ಬಹಳ ಹೊತ್ತು ಬೇಕು. 10 ಮೀಟರು ತ್ರಿಜ್ಯದ ತಿರುವನ್ನು ಸ್ವಲ್ಪ ಹಿಗ್ಗಿಸಿ 12 ಮೀಟರು ತ್ರಿಜ್ಯದಲ್ಲಿ ತಿರುಗಿದನೆನ್ನಿ. ತಿರುವಿನ ವೇಗ ಗಂಟೆಗೆ 30ರಿಂದ ಸುಮಾರು 33ಕ್ಕೆ ಏರುತ್ತದೆ. ಈ 3 ಕಿಲೋಮೀಟರಿನ ಹೆಚ್ಚಳವನ್ನು ಎಂಜಿನಿನಿಂದಲೇ ಪಡೆಯಬೇಕಾದರೆ ಇಸೆಟ್ಟಾಕ್ಕೆ 0.38 ಸೆಕೆಂಡು ಬೇಕಾಗುತ್ತಿತ್ತು. ಒಂದು ಟನ್ನಿನ, 100 ಅಶ್ವಶಕ್ತಿಯ ಕಾರಿಗೆ ಹತ್ತಿರಹತ್ತಿರ 0.12 ಸೆಕೆಂಡು. ಹಾಗೆಂದು ದೊಡ್ಡ ವೃತ್ತವೇ ಯಾವಾಗಲೂ ಲಾಭವೆಂದು ತೀರ್ಮಾನಿಸುವಂತಿಲ್ಲ. ದೊಡ್ಡ ವೃತ್ತದ ದಾರಿ ಉದ್ದವೂ ಹೌದು. ಅರ್ಧ ವೃತ್ತವನ್ನು ಮುಗಿಸಲು ಮೊದಲನೆಯ ದಾರಿಯಲ್ಲಿ 3.8 ಸೆಕೆಂಡು, ಎರಡನೆಯದರಲ್ಲಿ 4.2 ಸೆಕೆಂಡು ಆಗುತ್ತದೆ. ಬಲಿಷ್ಠವಾದ ಕಾರು ಕಿರಿದಾಗಿ ತಿರುಗಿ ನೇರ ದಾರಿಯಲ್ಲಿ ಜಿಗಿದು ಹೋಗುವುದೇ ಮೇಲು. ದುರ್ಬಲವಾದ ಕಾರಿಗೆ ತಕ್ಕಡಿ ಹಿಗ್ಗಿದ ದಾರಿಯ ಕಡೆಗೆ ವಾಲುತ್ತದೆ, ಆದರೆ ಎಷ್ಟು ವಾಲುತ್ತದೆಂಬುದು ಮುಂದಿರುವ ನೇರ ದಾರಿಯ ಉದ್ದವನ್ನು ಅವಲಂಬಿಸಿದೆ. ಒಂದೇ ಅಂಗಳದಲ್ಲಿ ಎರಡು ಕಾರುಗಳಿಗೆ ಎರಡು ಬೇರೆ ಬೇರೆ ‘ಅತ್ಯುತ್ತಮ ದಾರಿ’ಗಳಿರುವುದು ಈ ಆಟದ ಸ್ವಾರಸ್ಯ.

ಇಷ್ಟು ಹೊತ್ತೂ ನಾವು ಕಾರು ಮಿತಿಮೀರಿದರೆ ಜಾರುತ್ತದೆಂದೇ ಭಾವಿಸಿಕೊಂಡು ಬಂದೆವು. ಜಾರುವುದು ಅಷ್ಟೇನೂ ಅಪಾಯವಲ್ಲ. ಎರಡು ಶಂಕು ಉರುಳಬಹುದು. ಆದರೆ ಜಾರುವ ಮೊದಲೇ ಮಗುಚಿದರೆ?

ತಿರುವಿನಲ್ಲಿರುವ ಕಾರಿನ ಗುರುತ್ವ ಕೇಂದ್ರದಿಂದ ಒಂದು ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟಿದೆ ಎಂದುಕೊಳ್ಳಿ. ಕಾರು ನೇರವಾಗಿ ಹೋಗುವಾಗ ದಾರ ಲಂಬವಾಗಿರುತ್ತದೆ. ತಿರುವಿನಲ್ಲಿ ಅದು ಹೊರಗಡೆಗೆ ಓರೆಯಾಗುತ್ತದೆ. ಅಡ್ಡ ವೇಗೋತ್ಕರ್ಷ ಹೆಚ್ಚಿದಷ್ಟೂ ಓರೆ ಹೆಚ್ಚು. ದಾರವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದು ಚಕ್ರಗಳು ನೆಲವನ್ನು ಮುಟ್ಟುವ ಬಿಂದುಗಳಿಂದಾದ ಆಕೃತಿಯ ಒಳಗಿರುವವರೆಗೆ ಕಾರು ನಿಂತಿರುತ್ತದೆ. ಬಿಂದು ಆ ಆಕೃತಿಯ ಅಂಚನ್ನು ದಾಟಿದೊಡನೆ ಒಳಗಡೆಯ ಚಕ್ರಗಳು ಮೇಲೇಳುತ್ತವೆ. ಆದುದರಿಂದ ನಾವು ನೋಡಬೇಕಾದುದು ಒಂದೇ ಒಂದು ನಿಷ್ಪತ್ತಿ: ಗುರುತ್ವ ಕೇಂದ್ರದಿಂದ ಪಕ್ಕದ ಅಂಚಿಗಿರುವ ದೂರವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಎಷ್ಟು? ಈ ಸಂಖ್ಯೆ ಘರ್ಷಣಾಂಕಕ್ಕಿಂತ ದೊಡ್ಡದಾದರೆ ಕಾರು ಮೊದಲು ಜಾರುತ್ತದೆ. ಚಿಕ್ಕದಾದರೆ ಮೊದಲು ಮಗುಚುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆಯು ಕಾರುಗಳನ್ನು ಅಳೆಯಲು ಬಳಸುವ ಸ್ಥಿರತಾಂಕವೂ ಇದೇ.

ಸಾಮಾನ್ಯ ಕಾರಿಗೆ ಚಕ್ರಗಳ ಅಂತರ 1.5 ಮೀಟರು, ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರಿಗೆ ತುಸು ಹೆಚ್ಚು ಎಂದರೆ ಸ್ಥಿರತಾಂಕ 1.4ರ ಸುಮಾರಿಗೆ ಬರುತ್ತದೆ. ಒಣಗಿದ ಡಾಮರಿನ ಮೇಲೂ ರಬ್ಬರಿನ ಘರ್ಷಣಾಂಕ ಸಾಮಾನ್ಯವಾಗಿ ಇದನ್ನು ಮುಟ್ಟದು. ಇಸೆಟ್ಟಾದ ಗುರುತ್ವ ಕೇಂದ್ರವು ಲೆಕ್ಕಕ್ಕಾಗಿ 0.5 ಮೀಟರು ಎತ್ತರದಲ್ಲಿ, ಮುಂದಿನ ಹಿಂದಿನ ಚಕ್ರಗಳ ನಟ್ಟನಡುವೆ ಇದೆಯೆಂದು ಇಟ್ಟುಕೊಳ್ಳೋಣ. ಮುಂದಿನ ಅರ್ಧ ಅಂತರ 0.60, ಹಿಂದಿನದು 0.26, ನಟ್ಟನಡುವೆ ಎರಡರ ಸರಾಸರಿ 0.43. ಸ್ಥಿರತಾಂಕ 0.86. ಘರ್ಷಣಾಂಕ 0.7 ಆಗಿರುವ ಟೈರಿನ ಮೇಲೆ ಅದು ಮೊದಲು ಜಾರುತ್ತದೆ. ಸದ್ಯ, ಬದುಕಿದೆವು!

ಈಗ ಪಂದ್ಯದ ಉತ್ಸಾಹದಲ್ಲಿ ಚಾಲಕನು ಹಳೆಯ ಟೈರುಗಳನ್ನು ಕಿತ್ತು, ನೆಲಕ್ಕೆ ಅಂಟಿಕೊಳ್ಳುವಂಥ ಮೆತ್ತನೆಯ ರಬ್ಬರಿನ ಹೊಸ ಟೈರುಗಳನ್ನು ಹಾಕಿಸಿದನೆಂದು ಭಾವಿಸಿ. ಘರ್ಷಣಾಂಕ 1ಕ್ಕೆ ಏರಿತು. ದೊಡ್ಡ ಕಾರಿಗೆ ಇದರಿಂದ ಬರಿಯ ಲಾಭ. ಇಸೆಟ್ಟಾಕ್ಕೋ, 0.86ನ್ನು ಮುಟ್ಟಿದೊಡನೆ, ಟೈರು ಇನ್ನೂ ಬಿಗಿಯಾಗಿ ಹಿಡಿದಿರುವಾಗಲೇ, ಒಳಚಕ್ರಗಳು ನೆಲವನ್ನು ಬಿಡುತ್ತವೆ. ಒಳ್ಳೆಯ ಟೈರು ಎಂಬುದೇ ಇಲ್ಲಿ ಕೆಟ್ಟದ್ದಾಯಿತು. ಜಾರುವ ಟೈರು ವಿದ್ಯುತ್ತಿನ ಫ್ಯೂಸಿನಂತೆ ಕೆಲಸ ಮಾಡುತ್ತಿತ್ತು. ಫ್ಯೂಸು ಇದ್ದ ಜಾಗಕ್ಕೆ ದಪ್ಪ ತಂತಿಯನ್ನು ಕಟ್ಟಿದಂತಾಯಿತು ಈ ಸುಧಾರಣೆ.

ನಮ್ಮ 0.86 ಕೂಡ ತುಸು ಉದಾರವಾದ ಲೆಕ್ಕವೇ. ಚಾಲಕನೊಬ್ಬನೇ ಎಡಗಡೆಯ ಆಸನದಲ್ಲಿ, ಮಧ್ಯರೇಖೆಯಿಂದ 0.3 ಮೀಟರು ದೂರದಲ್ಲಿ ಕುಳಿತಿದ್ದಾನೆ. 420ರಲ್ಲಿ 70 ಕಿಲೋಗ್ರಾಂ ಪಕ್ಕಕ್ಕೆ ಸರಿದರೆ ಗುರುತ್ವ ಕೇಂದ್ರವೇ 5 ಸೆಂಟಿಮೀಟರು ಎಡಕ್ಕೆ ಸರಿಯುತ್ತದೆ. ಎಡದ ಅಂಚಿಗೆ ದೂರ 0.38, ಬಲದ ಅಂಚಿಗೆ 0.48. ಬಲಕ್ಕೆ ತಿರುಗುವಾಗ ಕಾರು ಎಡಕ್ಕೆ ವಾಲುವುದರಿಂದ, ಬಲ ತಿರುವಿನಲ್ಲಿ ಸ್ಥಿರತಾಂಕ 0.76, ಎಡ ತಿರುವಿನಲ್ಲಿ 0.96. ಒಂದೇ ಕಾರು, ಎರಡು ತಿರುವುಗಳಿಗೆ ಎರಡು ಸ್ವಭಾವ! ಇಸೆಟ್ಟಾದ ರಚನಕಾರರು ಎಂಜಿನನ್ನು ಬಲಗಡೆಗೆ ಇಟ್ಟು ಇದನ್ನು ಸರಿದೂಗಿಸಿದ್ದರು. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ 1957ರಿಂದ ಇದೇ ಕಾರನ್ನು ತಯಾರಿಸತೊಡಗಿದಾಗ ಅಲ್ಲಿಯ ಪದ್ಧತಿಯಂತೆ ಸ್ಟೀರಿಂಗನ್ನು ಬಲಕ್ಕೆ ತಂದರು. ಚಾಲಕನೂ ಎಂಜಿನೂ ಒಂದೇ ಪಕ್ಕದಲ್ಲಾಗಿ, ಎಡಗಡೆಗೆ 60 ಪೌಂಡಿನ ಸಮತೂಕವನ್ನು ಹೇರಬೇಕಾಯಿತು. ಅಷ್ಟು ಹಗುರವಾದ ಕಾರಿಗೆ ಸತ್ತ ಭಾರವನ್ನು ಕಟ್ಟುವುದೆಂದರೆ ಎಂಜಿನಿಯರಿಗೆ ಎಷ್ಟು ಸಂಕಟವಾಗಿರಬೇಕು!

ಶಂಕುಗಳ ಸಾಲಿನಲ್ಲಿ ಮತ್ತೊಂದು ಅಪಾಯವೂ ಉಂಟು. ಎಡಬಲಗಳಿಗೆ ಸರಸರನೆ ತಿರುಗಿಸುವಾಗ ಕಾರಿನ ಮೈ ಸ್ಪ್ರಿಂಗುಗಳ ಮೇಲೆ ತೊಟ್ಟಿಲಿನಂತೆ ತೂಗತೊಡಗುತ್ತದೆ. ತೂಗಾಟದ ಆವರ್ತಕಾಲವೂ ಶಂಕುಗಳನ್ನು ದಾಟುವ ಕಾಲವೂ ಸಮೀಪಕ್ಕೆ ಬಂದರೆ ಅನುರಣನ ಉಂಟಾಗಿ ವಾಲುವಿಕೆ ಬೆಳೆಯುತ್ತ ಹೋಗುತ್ತದೆ. ನಿಶ್ಚಲ ಲೆಕ್ಕದ ಸ್ಥಿರತಾಂಕವನ್ನು ಮುಟ್ಟುವ ಮೊದಲೇ ಚಕ್ರ ಮೇಲೇಳಬಹುದು. ಮೇಲೆ ಹೇಳಿದ 57 ಕಿಲೋಮೀಟರು ಟೈರಿನ ಮಿತಿ. ವಿವೇಕದ ಮಿತಿ ಅದಕ್ಕಿಂತ ಸಾಕಷ್ಟು ಕೆಳಗಿದೆ.

ಬ್ರೈಟನ್ನಿನಲ್ಲಿ ಮೂರು ಚಕ್ರದ ಇಸೆಟ್ಟಾಗಳನ್ನೂ ಮಾಡಿದರು. ಮೂರು ಚಕ್ರದ ಗಾಡಿಗೆ ಅಲ್ಲಿ ತೆರಿಗೆ ಕಡಿಮೆ. ಮೋಟಾರು ಸೈಕಲ್ಲಿನ ಪರವಾನಗಿಯೇ ಸಾಕಾಗಿತ್ತು. ತೆರಿಗೆಯ ಕಾನೂನು ಒಂದು ಚಕ್ರವನ್ನು ತೆಗೆಸಿತು. ಭೌತವಿಜ್ಞಾನದ ನಿಯಮ ಏನು ಹೇಳುತ್ತದೆ? ಆಧಾರದ ಆಕೃತಿ ಈಗ ತ್ರಿಕೋನ. ಗುರುತ್ವ ಕೇಂದ್ರ ಹಿಂದಿನ ಜಾಗದಲ್ಲೇ ಇದ್ದರೆ ಪಕ್ಕದ ಅಂಚಿಗೆ ದೂರ 0.60ರ ಅರ್ಧ, 0.30 ಮಾತ್ರ. ಸ್ಥಿರತಾಂಕ 0.6ಕ್ಕೆ ಇಳಿಯಿತು. ಸಾಧಾರಣ ಟೈರಿನ ಮೇಲೂ ಇದು ಜಾರುವ ಮೊದಲು ಮಗುಚುತ್ತದೆ. ಭಾರವನ್ನು ಮುಂದಿನ ಅಗಲವಾದ ಕಡೆಗೆ ಸರಿಸಿದರೆ ಪರಿಸ್ಥಿತಿ ಸುಧಾರಿಸುತ್ತದೆ. ಗುರುತ್ವ ಕೇಂದ್ರ ಹಿಂದಿನ ಚಕ್ರದಿಂದ ಐದರಲ್ಲಿ ಮೂರು ಪಾಲು ಮುಂದಿದ್ದರೆ ದೂರ 0.36, ಸ್ಥಿರತಾಂಕ 0.72. ಮುಂದೆ ಎರಡು, ಹಿಂದೆ ಒಂದು ಚಕ್ರವಿದ್ದ ಜರ್ಮನಿಯ ಮೆಸರ್‌ಶ್ಮಿಟ್ ಕಿರುಕಾರಿನಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರಂತೆ ಮಧ್ಯರೇಖೆಯ ಮೇಲೇ ಕೂರುತ್ತಿದ್ದರು, ಮೈಯೂ ತಗ್ಗಾಗಿತ್ತು. ಎಡಬಲಗಳ ಪಕ್ಷಪಾತ ಅದರಲ್ಲಿ ಇರಲಿಲ್ಲ. ಅದೇ ಮಾದರಿಯಿಂದ ಮುಂದೆ ನಾಲ್ಕು ಚಕ್ರ, ಸುಮಾರು 20 ಅಶ್ವಶಕ್ತಿಯ ‘ಟೈಗರ್’ ಹುಟ್ಟಿತು. ಶಂಕುಗಳ ನಡುವೆ ಓಡಿಸಲು ಒಂದು ಹಳೆಯ ಕಿರುಕಾರನ್ನು ಆರಿಸಿಕೊಳ್ಳೆಂದು ಯಾರಾದರೂ ಕೇಳಿದರೆ ನಾನು ಬೆರಳು ಮಾಡುವುದು ಅದರ ಕಡೆಗೆ.

ನಮ್ಮ ಬೀದಿಯ ಆಟೋರಿಕ್ಷಾದಲ್ಲಿ ಈ ತ್ರಿಕೋನ ತಿರುಗುಮುರುಗಾಗಿದೆ: ಮುಂದೆ ಒಂದು ಚಕ್ರ, ಹಿಂದೆ ಎರಡು. ಪ್ರಯಾಣಿಕರು ಹಿಂದೆ, ಅಗಲವಾದ ಕಡೆ ಕೂರುವುದರಿಂದ ಭಾರವಿರಬೇಕಾದಲ್ಲಿಯೇ ಇರುತ್ತದೆ. ಆದರೆ ತಿರುವಿನಲ್ಲಿದ್ದಾಗಲೇ ಬ್ರೇಕು ಹಾಕಿದರೆ? ನಮ್ಮ ಊಹೆಯ ದಾರ ಹೊರಗಡೆಗೆ ಮಾತ್ರವಲ್ಲ, ಮುಂದಕ್ಕೂ ಓರೆಯಾಗುತ್ತದೆ. ಮುಂದೆ ಹೋದಷ್ಟೂ ತ್ರಿಕೋನ ಕಿರಿದು. ಬ್ರೇಕಿಲ್ಲದೆ ಕ್ಷೇಮವಾಗಿದ್ದ ಅದೇ ವೇಗ, ಅದೇ ತಿರುವು, ಬ್ರೇಕಿನೊಡನೆ ಅಂಚನ್ನು ದಾಟಿಸಬಹುದು. ಆದುದರಿಂದ ಬಲ್ಲ ಚಾಲಕನು ತಿರುವಿಗೆ ಮೊದಲೇ ವೇಗವನ್ನು ತಗ್ಗಿಸುತ್ತಾನೆ. ಮೂರು ಚಕ್ರದ ಇಸೆಟ್ಟಾದಲ್ಲಿ ಇದಕ್ಕೆ ವಿರುದ್ಧ: ಬ್ರೇಕು ದಾರವನ್ನು ಅಗಲವಾದ ಕಡೆಗೆ ತಳ್ಳುತ್ತದೆ, ತಿರುವಿನಲ್ಲಿ ವೇಗವರ್ಧಕವನ್ನು ತುಳಿಯುವುದೇ ಅಪಾಯ. 13 ಅಶ್ವಶಕ್ತಿಯ ಎಂಜಿನು ಆ ಅಪಾಯವನ್ನು ಹೆಚ್ಚು ತಂದೊಡ್ಡಲಾರದು ಎಂಬುದೊಂದು ಸಮಾಧಾನ.

ಇದನ್ನೆಲ್ಲ ಕಣ್ಣಾರೆ ನೋಡಲು ಕಾರು ಬೇಡ, ಒಂದು ಬೆಂಕಿಪೊಟ್ಟಣ ಸಾಕು. ನಯವಾದ ಮರದ ಹಲಗೆಯ ಮೇಲೆ ಪೊಟ್ಟಣವನ್ನು ಮಲಗಿಸಿ, ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿ. ಪೊಟ್ಟಣ ಜಾರತೊಡಗುವ ಕೋನದ ಟ್ಯಾಂಜೆಂಟೇ ಘರ್ಷಣಾಂಕ. ಈಗ ಅದನ್ನು ಕಡ್ಡಿ ಗೀರುವ ಪಕ್ಕದ ಮೇಲೆ, ಆಮೇಲೆ ತುದಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಕಿರಿದಾದ ಅಂಚು ಇಳಿಜಾರಿನ ದಿಕ್ಕಿಗೆ ಇರುವಂತೆ ಮತ್ತೆ ಎತ್ತಿ ನೋಡಿ. ಪ್ರತಿ ಸಲವೂ ಮೊದಲೇ ಅಳತೆಪಟ್ಟಿಯಿಂದ ತಳದ ಅಗಲವನ್ನೂ ಎತ್ತರವನ್ನೂ ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿ, ಅದು ಜಾರುವುದೋ ಮಗುಚುವುದೋ ಎಂದು ಕಾಗದದ ಮೇಲೆ ಬರೆದಿಡಿ. ಅನಂತರ ಹಲಗೆಗೆ ಉಪ್ಪುಕಾಗದವನ್ನು ಅಂಟಿಸಿ ಪ್ರಯೋಗವನ್ನು ಪುನಃ ಮಾಡಿ. ಇದೇ ನಮ್ಮ ಹೊಸ ಟೈರು. ಕೊನೆಗೆ ಪೊಟ್ಟಣದ ಒಳಗೆ ಒಂದು ಪಕ್ಕಕ್ಕೆ ನಾಣ್ಯವೊಂದನ್ನು ಮೇಣದಿಂದ ಅಂಟಿಸಿ, ನಾಣ್ಯವು ಇಳಿಜಾರಿನ ಕೆಳಗಡೆಗಿದ್ದಾಗ ಒಮ್ಮೆ, ಮೇಲ್ಗಡೆಗಿದ್ದಾಗ ಒಮ್ಮೆ ಮಗುಚುವ ಕೋನವನ್ನು ಅಳೆಯಿರಿ. ಎರಡು ಕೋನಗಳ ಟ್ಯಾಂಜೆಂಟುಗಳಿಂದ ಗುರುತ್ವ ಕೇಂದ್ರ ಎಷ್ಟು ಸರಿದಿದೆಯೆಂದು ಕಂಡುಹಿಡಿಯಬಹುದು. ಅದು ನಾಣ್ಯವನ್ನೂ ಪೊಟ್ಟಣವನ್ನೂ ಬೇರೆಬೇರೆಯಾಗಿ ತೂಗಿ ಲೆಕ್ಕಹಾಕಿದ ಉತ್ತರಕ್ಕೆ ಎಷ್ಟು ಸಮೀಪಕ್ಕೆ ಬರುತ್ತದೆಂದು ಹೋಲಿಸಿ ನೋಡಿ.